ಕೊರಳ ಹತ್ತಿರದ ಮೂರು ಚೌಕ

ಸವಣೂರಿನ ಆರ್ಟಿಸ್ಟ್ ದಸ್ತಗೀರಸಾಬರಿಗೆ ಕೆಂಪು ಯಾವುದು, ಹಸಿರು ಯಾವುದು ಗೊತ್ತಾಗುವುದಿಲ್ಲ. ಹುಟ್ಟಿನಿಂದಲೇ ಹಾಗೆ. ಇದು ನನಗೆ ತಿಳಿದದ್ದು ಎರಡು ವರ್ಷದ ಹಿಂದೆ, ಅವರ ಬಾಯಿಂದಲೇ. ಅದಕ್ಕೂ ಮೊದಲು ಇಪ್ಪತ್ತಾರು ವರ್ಷ ಇದೇ ಊರಿನ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ತರನಾಗಿದ್ದ ನಾನು, ಮುಖಕ್ಕೆ ಬಣ್ಣ ಹಚ್ಚಲು ಬಾರದವರ ಕಿವಿ ಹಿಂಡಿ, "ಹೋಗ, ದಸ್ತಗೀರಸಾಬ್ರ ಅಂಗಡಿ ಮುಂದ ಒಂದ ತಾಸ ನಿಂತ ಬಾ, ಮೈಬಣ್ಣ ಅಂದ್ರೇನು ತಿಳೀತೈತಿ" ಎಂದು ಅಟ್ಟುತ್ತಿದ್ದೆ. ನನ್ನ ಕಣ್ಣಿನ ಯೋಗ್ಯತೆ ಅಷ್ಟು. ಒಂದು ಸಲ ಊರ ಸಮಾರಂಭದಲ್ಲಿ ಅವರಿಗೆ ಶಾಲು ಹೊದಿಸಿ, ಇಂಥ ಕಣ್ಣು ಜಿಲ್ಲೆಗೇ ಒಂದು ಎಂದು ಹತ್ತು ನಿಮಿಷ ಭಾಷಣ ಬೇರೆ ಬಿಗಿದಿದ್ದೆ. ಅವರ ಹೆಂಡತಿ ಹಮೀದುನ್ನೀಸಾ ಹೆಂಗಸರ ಸಾಲಿನ ಕೊನೆಗೆ ಕುಳಿತು, ಸೆರಗು ಬಾಯಿಗೆ ಒತ್ತಿ ನಗುತ್ತಿದ್ದರು. ಗಂಡನ ಹೊಗಳಿಕೆಗೆ ಹಿಗ್ಗಿದ್ದಾರೆ ಅಂದುಕೊಂಡೆ.

ದಸ್ತಗೀರಸಾಬರ ಕಸುಬು ಸತ್ತವರ ಚಿತ್ರ ಬರೆಯುವುದು. ನಮ್ಮ ಕಡೆ ಲಿಂಗಾಯತರ ಮನೆಗಳಲ್ಲಿ ಸತ್ತವರಿಗೆ ಜಳಕ ಮಾಡಿಸಿ, ಗೋಡೆಗೆ ಆನಿಸಿ ಕೂರಿಸುತ್ತಾರೆ. ಹಣೆ ತುಂಬ ವಿಭೂತಿ, ಕೊರಳ ತುಂಬ ಹೂವಿನ ಸರ. ಮಣ್ಣು ಮಾಡುವುದೂ ಕೂರಿಸಿಯೇ. ಹಾಗೆ ಕೂರಿಸಿದಾಗ ತೆಗೆದ ಫೋಟೋ ತಂದು, "ಕಣ್ಣಷ್ಟ ತಗದ ಕೊಡ್ರಿ ಸಾಬ್ರ" ಎನ್ನುತ್ತಾರೆ. ಮುಚ್ಚಿದ ರೆಪ್ಪೆ ತೆರೆಸುವುದು, ಜೋತ ದವಡೆ ಎತ್ತುವುದು, ಬಿಳಿಚಿದ ಚರ್ಮಕ್ಕೆ ಜೀವದ ಬಣ್ಣ ತರುವುದು ಇವರ ಕೆಲಸ. ಈಗ ಕಂಪ್ಯೂಟರಿನವರು ಅದನ್ನು ಅರ್ಧ ತಾಸಿನಲ್ಲಿ ಮಾಡಿ ಫ್ಲೆಕ್ಸ್ ಹೊಡೆದು ಕೊಡುತ್ತಾರೆ. ಬಿಸಿಲಿಗೆ ಆರು ತಿಂಗಳಲ್ಲಿ ಅಜ್ಜ ನೀಲಿ ತಿರುಗುತ್ತಾನೆ, ಯಾರಿಗೂ ಅದರ ಪರಿವೆ ಇಲ್ಲ. ಆಯಿಲ್ ಪೇಂಟೇ ಆಗಬೇಕು ಅನ್ನುವವರು ಮಾತ್ರ ಹಾನಗಲ್ಲು, ಶಿಗ್ಗಾವಿ, ಹಿರೇಕೆರೂರಿನಿಂದ ಬಸ್ಸು ಹತ್ತಿ ಇವರ ಅಂಗಡಿಗೇ ಬರುತ್ತಿದ್ದರು.

ಆ ಚಿತ್ರಗಳಲ್ಲಿ ಅಳತೆ ದಸ್ತಗೀರಸಾಬರದು, ಬಣ್ಣ ಹಮೀದುನ್ನೀಸಾ ಅವರದು. ಆಕೆ ಬಂಕಾಪುರದಲ್ಲಿ ನೂಲಿಗೆ, ಸೀರೆಗೆ ಬಣ್ಣ ಅದ್ದುವವರ ಮನೆಯ ಮಗಳು. ಮದುವೆಯಾದ ಹೊಸತರಲ್ಲಿ ಹಸಿರು ಬಳೆ ತರುತ್ತೇನೆಂದು ಪೇಟೆಗೆ ಹೋದ ಗಂಡ ಇಟ್ಟಂಗಿಯಂಥ ಕೆಂಪು ಬಳೆ ತಂದು ಕೈಗಿಟ್ಟರಂತೆ. ಆಕೆ ಚೇಷ್ಟೆ ಅಂದುಕೊಂಡು ನಕ್ಕರು. ಗಂಡನ ಮುಖ ನೋಡಿ ನಗು ನಿಲ್ಲಿಸಿದರು. ಅದಕ್ಕೂ ಮೊದಲೇ ಇವರು ಒಬ್ಬ ಮೆಣಸಿನಕಾಯಿ ವ್ಯಾಪಾರಿಯ ಬೋರ್ಡಿನಲ್ಲಿ ಒಣಮೆಣಸಿನಕಾಯಿ ರಾಶಿಯನ್ನು ಅರ್ಧ ಹಸಿರು ಮಾಡಿದ್ದರು. ಹಸಿದೂ ಇದೆ, ಒಣಗಿದ್ದೂ ಇದೆ, ಭಾರಿ ತಲೆ ಓಡಿಸ್ಯಾನ ಹುಡುಗ ಎಂದು ಆ ವ್ಯಾಪಾರಿ ಖುಷಿಪಟ್ಟಿದ್ದ. ಅಂಥ ಅದೃಷ್ಟ ಎಷ್ಟು ದಿನ ಕೈ ಹಿಡಿದೀತು? ಆ ಬಳೆಯ ದಿನದಿಂದ ಬಣ್ಣ ಹೆಂಡತಿಯ ಪಾಲಿಗೆ ಬಂತು, ಗುಟ್ಟು ಇಬ್ಬರ ಪಾಲಿಗೂ.

"ಬಣ್ಣ ಕಾಣದ ಆರ್ಟಿಸ್ಟ ಅಂದ್ರ ನಗಸಾರಿ ಆಗತಿತ್ರಿ ಮಾಸ್ತರ. ಮರುದಿನಾನ ಅಂಗಡಿ ಬಂದ್" ಎಂದರು ದಸ್ತಗೀರಸಾಬರು ನನಗೆ. ಮನೆಯಲ್ಲಿ ಅವರದು ಉರ್ದು. ನನಗೆ ಕನ್ನಡದಲ್ಲಿ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಅವರ ಕೆಲಸದ ರೀತಿ ಹೀಗಿತ್ತು. ಅಂಗೈಯಗಲದ ಫೋಟೋದ ಮೇಲೆ ಅರ್ಧ ಇಂಚಿಗೊಂದು ಗೆರೆ ಎಳೆದು ಚೌಕ ಮಾಡುವುದು. ಕ್ಯಾನ್ವಾಸಿನ ಮೇಲೆ ಅದೇ ಚೌಕ ಅರ್ಧ ಅಡಿ ಆಗುತ್ತದೆ. ಮುಖ, ಕೊರಳು ಬಂದ ಕಡೆ ಒಂದು ಚೌಕವನ್ನು ಮತ್ತೆ ಹದಿನಾರು ಮಾಡಬೇಕು. ಆ ಗೆರೆಗಳ ಸಮೇತ ಫೋಟೋವನ್ನು ದೊಡ್ಡದಾಗಿ ಝೆರಾಕ್ಸ್ ಮಾಡಿಸುತ್ತಿದ್ದರು. ಹಮೀದುನ್ನೀಸಾ ಬಣ್ಣದ ಫೋಟೋವನ್ನು ಭೂತಗನ್ನಡಿಯಲ್ಲಿ ನೋಡಿ, ಝೆರಾಕ್ಸಿನ ಒಂದೊಂದು ಚೌಕದಲ್ಲೂ ಒಂದೊಂದು ನಂಬರು ಬರೆಯುತ್ತಿದ್ದರು. ಯಾವ ನಂಬರಿಗೆ ಯಾವ ಟ್ಯೂಬಿನ ಬಣ್ಣ ಎಷ್ಟೆಷ್ಟು ಎಂಬ ಪಟ್ಟಿ ಉರ್ದುವಿನಲ್ಲಿ ಗೋಡೆಗೆ ಅಂಟಿಸಿತ್ತು. ನಾಲ್ಕು ಅಂದರೆ ಗೋದಿಹಿಟ್ಟು, ಒಂಬತ್ತು ಹಳೆಬೆಲ್ಲ, ಹನ್ನೆರಡು ನೆರಳು. ಒಂದು ಕೆನ್ನೆಯಲ್ಲೇ ಹದಿನೈದು ನಂಬರು ಇರುತ್ತಿದ್ದವು. ನಾನು ಮಕ್ಕಳಿಗೆ ಬಿಳಿ, ಹಳದಿ, ಚೂರು ಕೆಂಪು ಕೂಡಿಸಿ 'ಮೈಬಣ್ಣ' ಎಂದು ಒಂದೇ ಬಣ್ಣ ಕಲಿಸಿ ಪಗಾರ ತಗೊಂಡವನು.

ದಸ್ತಗೀರಸಾಬರು ಆ ನಂಬರಿನಂತೆ ಚೌಕ ತುಂಬಿ, ಅಂಚುಗಳನ್ನು ಒಂದಕ್ಕೊಂದು ಬೆಸೆಯುತ್ತಿದ್ದರು. ಮುಗಿದ ಚಿತ್ರ ಅವರ ಕಣ್ಣಿಗೆ ಹೇಗೆ ಕಂಡಿತೋ ಅವರೇ ಬಲ್ಲರು. ಜನ ನೋಡಿ ಅತ್ತರೆ, ಸರಿ ಬಂದಿದೆ ಎಂದು ತಿಳಿಯುತ್ತಿದ್ದರಂತೆ.

ಎರಡು ಸಾವಿರದ ಇಪ್ಪತ್ತರ ಫೆಬ್ರುವರಿಯಲ್ಲಿ ಕರಬಸಪ್ಪ ಎಂಬುವರು ಬಂದರು. ದುಂಡಸಿ ಕಡೆಯವರು, ನೀರಾವರಿ ಹೊಲ, ಹೊಸದಾಗಿ ಕಟ್ಟಿಸಿದ ಮನೆ. ಅವರ ಸೊಸೆ ಸುಧಾರಾಣಿ ತೀರಿಹೋಗಿ ಹದಿನೈದು ದಿನ ಆಗಿತ್ತು. ಇಪ್ಪತ್ಮೂರು ವಯಸ್ಸು. ಎದೆನೋವು ಅಂದರು.

"ಆಳೆತ್ತರ ಆಗಬೇಕ ನೋಡ್ರಿ. ಪಡಸಾಲ್ಯಾಗ ಒಳಗ ಕಾಲಿಟ್ಟಾವ್ರ ಕಣ್ಣಿಗೆ ಮೊದಲ ಅಕೀನ ಬೀಳಬೇಕು. ಗಂಡನ ಮುಂದ ಮುತ್ತೈದಿಯಾಗಿ ಹೋದಾಕಿ. ಆ ಹಸರ ಸೀರಿ, ಆ ಹೂವು, ಹಂಗನ ಇರಲಿ. ಕಣ್ಣಷ್ಟ ತಗೀರಿ" ಎಂದರು.

ಇಂಥ ದೊಡ್ಡ ಅಳತೆ ಕೇಳುವವರ ಬಗ್ಗೆ ನನಗೆ ಮೊದಲಿನಿಂದಲೂ ಅನುಮಾನ. ಪ್ರೀತಿ ಇದ್ದವರು ಕಿಸೆಯಲ್ಲಿ ಹಿಡಿಯುವಷ್ಟು ಸಣ್ಣ ಫೋಟೋ ಇಟ್ಟುಕೊಂಡಿರುತ್ತಾರೆ. ಆರಡಿ ಮಾಡಿಸುವವರು ಮಂದಿಗೆ ತೋರಿಸಲು ಮಾಡಿಸುತ್ತಾರೆ. ಆದರೆ ಅಳತೆಗೆ ಒಂದು ಗುಣವಿದೆ, ಕರಬಸಪ್ಪನವರಿಗೆ ಅದು ಗೊತ್ತಿರಲಿಲ್ಲ. ದೊಡ್ಡದು ಮಾಡುವಾಗ ಬೇಕಾದ್ದಷ್ಟೇ ದೊಡ್ಡದಾಗುವುದಿಲ್ಲ, ಫೋಟೋದಲ್ಲಿದ್ದದ್ದೆಲ್ಲ ದೊಡ್ಡದಾಗುತ್ತದೆ.

ನಂಬರು ಬರೆಯುತ್ತಿದ್ದ ಹಮೀದುನ್ನೀಸಾ ಒಂದು ಮಧ್ಯಾಹ್ನ ಪೆನ್ಸಿಲ್ ಕೆಳಗಿಟ್ಟು ಗಂಡನನ್ನು ಕರೆದರು. ಕೂರಿಸಿದಾಗ ಹೆಣ ಒಂದು ಪಕ್ಕ ವಾಲಿ, ಹೂವಿನ ಸರ ಸರಿದಿತ್ತು. ಕಿವಿಯ ಕೆಳಗೆ, ಕೊರಳಿನ ಮೇಲೆ, ಒಂದು ಅಕ್ಕಿಕಾಳಿನಷ್ಟು ಜಾಗ ಬೇರೆ ಬಣ್ಣದ್ದಿತ್ತು. ಫೋಟೋ ತೆಗೆದವರಿಗೂ ಅದು ಕಂಡಿರಲಿಕ್ಕಿಲ್ಲ. ಕ್ಯಾನ್ವಾಸಿನ ಮೇಲೆ ಅದು ನಾಲ್ಕು ಬೆರಳಿನಗಲ ಆಗಬೇಕಿತ್ತು.

"ಇದು ನೆರಳಲ್ಲರಿ" ಎಂದರು ಆಕೆ.

ದಸ್ತಗೀರಸಾಬರು ಭೂತಗನ್ನಡಿ ಹಿಡಿದು ನೋಡಿದರು. ಅವರಿಗೆ ಕಂಡದ್ದು ಬರೀ ಮಬ್ಬು. "ನೆರಳ ಐತಿ. ಹನ್ನೆರಡು ಬರಿ."

"ನಿಮಗ ಹಂಗ ಕಾಣತೈತಿ. ಇಲ್ಲಿ ಬಾಡಿದ ನೇರಳಿಹಣ್ಣಿನ ಬಣ್ಣ. ಅದರ ಬಾಜೂಕ ಹಣ್ಣಾದ ವೀಳ್ಯದೆಲಿ ಬಣ್ಣ. ನೇರಳಿ ಅಂದ್ರ ಹೊಸಾ ಪೆಟ್ಟು. ಹಸರ ಹಳದಿ ಆಗಿದ್ದು ವಾರದ ಹಿಂದಿಂದು."

"ನಿನಗ ಹೆಂಗ ಗೊತ್ತು?"

"ನಮ್ಮ ಅಕ್ಕನ ಮೈಮ್ಯಾಲೆ ನೋಡೇನಿ."

ದಸ್ತಗೀರಸಾಬರು ಆ ಹೊತ್ತಿನಲ್ಲಿ ಯೋಚಿಸಿದ್ದನ್ನು ನನಗೆ ಮುಚ್ಚುಮರೆಯಿಲ್ಲದೆ ಹೇಳಿದರು. ಪೊಲೀಸರಿಗೆ ತಿಳಿಸಿದರೆ, ಯಾರು ನೋಡಿದ್ದು ಅನ್ನುತ್ತಾರೆ. ನನ್ನ ಹೆಂಡತಿ ಅನ್ನಬೇಕು. ಹಾಗಾದರೆ ನಿನ್ನ ಕಣ್ಣಿಗೇನಾಗಿತ್ತು ಅನ್ನುತ್ತಾರೆ. ಹುಡುಗಿ ಹೋಗಿಯೇ ಬಿಟ್ಟಿದ್ದಾಳೆ, ತಿರುಗಿ ಬರುವವಳಲ್ಲ. ಅಂಗಡಿ ಹೋದರೆ ನಾವು ತಿನ್ನುವುದೇನು? ಅವರು ಹೆಂಡತಿಗೆ ಅಂದದ್ದು ಇಷ್ಟು: "ನಾವು ಬಣ್ಣ ಹಚ್ಚಾವ್ರು. ಆ ನಂಬರ ಅಳಸು, ಹನ್ನೆರಡು ಬರಿ."

ಹಮೀದುನ್ನೀಸಾ ಪೆನ್ಸಿಲ್ ಎತ್ತಿಕೊಂಡು, "ಆತು" ಎಂದರು. ಆದರೂ ಇರಲಿ ಎಂದು ದಸ್ತಗೀರಸಾಬರು ಕ್ಯಾನ್ವಾಸಿನ ಮೇಲೆ ಹೂವಿನ ಸರವನ್ನು ಕಿವಿಯವರೆಗೂ ಎಳೆದು ಬರೆದರು. ಚಿತ್ರ ನೋಡಿ ಕರಬಸಪ್ಪ ಕಣ್ಣೊರೆಸಿಕೊಂಡರು. ಬಣ್ಣದ ಫೋಟೋವನ್ನೂ ಕೇಳಿ ಇಸಿದುಕೊಂಡು ಹೋದರು. ಝೆರಾಕ್ಸಿನ ನೆನಪು ಅವರಿಗೆ ಬರಲಿಲ್ಲ.

ಆಮೇಲೆ ಲಾಕ್‌ಡೌನ್ ಬಂತು, ಮರುವರ್ಷ ಎರಡನೇ ಅಲೆ. ಹಮೀದುನ್ನೀಸಾ ಅವರನ್ನು ಉಸಿರಿಗೆ ತೊಂದರೆ ಎಂದು ಹಾವೇರಿಗೆ ಒಯ್ದರು. ಆರನೇ ದಿನಕ್ಕೆ ಮುಗಿಯಿತು. ಮುಖ ಸಹ ಸರಿಯಾಗಿ ತೋರಿಸಲಿಲ್ಲ. ಕಾಯಿಲೆ ಬೀಳುವ ಮೊದಲು ಒಂದೆರಡು ಸಲ ಕೈಕೆಲಸ ನಿಲ್ಲಿಸಿ, "ಯಾರ ಮಗಳೋ ಏನೋ" ಎಂದು ಅಂದದ್ದುಂಟಂತೆ. ಯಾರ ವಿಷಯ ಎಂದು ಗಂಡ ಕೇಳಿರಲಿಲ್ಲ, ಆಕೆಯೂ ಹೇಳಿರಲಿಲ್ಲ.

ಹೆಂಡತಿ ಹೋದ ಮೇಲೆ ದಸ್ತಗೀರಸಾಬರು ಹೊಸ ಮುಖ ಒಪ್ಪಿಕೊಳ್ಳಲಿಲ್ಲ. ಕೈ ನಡುಗುತ್ತದೆ ಎಂದು ನೆಪ ಹೇಳಿ ಬೈಕಿನ ನಂಬರ್ ಪ್ಲೇಟು ಬರೆದುಕೊಂಡಿದ್ದರು. ಪಾಪ, ಹೆಂಡತಿ ಸತ್ತ ದುಃಖ ಎಂದು ನಾವೆಲ್ಲ ಅಂದುಕೊಂಡೆವು. ದುಃಖವೂ ಹೌದು. ಆದರೆ ಗುಟ್ಟನ್ನು ಒಬ್ಬರೇ ಕಾಯುವ ಭಯ ಅದಕ್ಕಿಂತ ದೊಡ್ಡದಿತ್ತು.

ಇಪ್ಪತ್ಮೂರರ ಜನವರಿಯಲ್ಲಿ ಯಲವಿಗಿಯಿಂದ ಹಾಲವ್ವ ಎಂಬಾಕೆ ಅಂಗಡಿಗೆ ಬಂದರು. ಸುಧಾರಾಣಿಯ ತಾಯಿ. ಗಂಡ ಇಲ್ಲ, ಸ್ಟೇಷನ್ನಿನ ಹತ್ತಿರ ರೊಟ್ಟಿ ಬಡಿದು ಮಾರಿ ಇಬ್ಬರು ಹೆಣ್ಣುಮಕ್ಕಳನ್ನು ದೊಡ್ಡವರನ್ನಾಗಿ ಮಾಡಿದವರು.

"ಬೀಗರ ಮನ್ಯಾಗ ಅಷ್ಟ ದೊಡ್ಡ ಚಿತ್ರ ಐತ್ರಿ ಸಾಬ್ರ. ಅಲ್ಲಿ ಹೋದಾಗ ಕತ್ತ ಎತ್ತಿ ನೋಡಬೇಕು, ದೇವರನ ನೋಡಿದಂಗ. ನನಗ ಸಣ್ಣದೊಂದು ಬರದ ಕೊಡ್ರಿ, ರೊಟ್ಟಿ ಬಡಿಯೂ ಮುಂದ ಎದುರಿಗೆ ಇರೂವಂಥಾದ್ದು. ಹೂವಿನ ಸರ ಬ್ಯಾಡ್ರಿ, ಹೆಣದ ಹೂವು ಅದು. ಬರೇ ಮುಖ, ಕೊರಳಾಗ ತಾಳಿ."

ಇಲ್ಲ ಅನ್ನಬೇಕೆಂದೇ ಇದ್ದರಂತೆ. ಆಕೆ ಮತ್ತೆ ಒಂದು ಮಾತು ಅಂದರು: "ನಾ ಹೋಗೂದ್ರಾಗ ಜಳಕ ಮಾಡಿಸಿ ಕುಂದರಿಸಿಬಿಟ್ಟಿದ್ರು. ಕಡೀಕ ಒಂದ ಸರ್ತಿ ಮೈ ಮುಟ್ಟಾಕ ಆಗಲಿಲ್ಲ." ದಸ್ತಗೀರಸಾಬರಿಗೆ ತಮ್ಮ ಹೆಂಡತಿಯ ನೆನಪಾಯಿತು. ಒಪ್ಪಿಕೊಂಡರು.

ಝೆರಾಕ್ಸ್ ಇತ್ತು, ಅದರಲ್ಲಿ ನಂಬರಿದ್ದವು, ಗೋಡೆಯ ಮೇಲೆ ಪಟ್ಟಿ ಇತ್ತು, ಟ್ಯೂಬಿನ ಮೇಲೆ ಬಣ್ಣದ ಹೆಸರಿತ್ತು. ಹೆಂಡತಿ ಇಲ್ಲದೆಯೂ ಒಂದು ಮುಖ ಬರೆಯಬಹುದೇನೋ ಎಂಬ ಆಸೆ ಮೊದಲ ಸಲ ಹುಟ್ಟಿತು. ಇದೊಂದು ಸರಿ ಬಂದರೆ ಕಸುಬು ಉಳಿಯುತ್ತದೆ. ಇಪ್ಪತ್ತು ದಿನ ಕೂತು, ಎರಡಡಿ ಕ್ಯಾನ್ವಾಸಿನಲ್ಲಿ ಒಂದೊಂದೇ ಚೌಕ ತುಂಬಿದರು. ಯಾವ ಚೌಕಕ್ಕೆ ಯಾವ ನಂಬರು ಅಂತ ಬಿಟ್ಟರೆ ಬೇರೆ ಯೋಚನೆ ಮಾಡಲಿಲ್ಲ. ಕೊರಳಿನ ವಿಷಯ ನೆನಪಿತ್ತು, ಆದರೆ ಹೆಂಡತಿ 'ಆತು' ಅಂದಿದ್ದಳಲ್ಲ, ಅಳಿಸಿ ಬರೆದಿರುತ್ತಾಳೆ ಎಂದು ನಂಬಿದ್ದರು. ಹಮೀದುನ್ನೀಸಾ ಅಳಿಸಿರಲಿಲ್ಲ.

ಹಾಲವ್ವ ಬಂದ ದಿನ ಚಿತ್ರವನ್ನು ಬಾಗಿಲ ಬೆಳಕಿಗೆ ಹಿಡಿದು ತೋರಿಸಿದರು. ಆಕೆ ಮೊದಲು ಕಣ್ಣು ನೋಡಿದರು, ಗಲ್ಲ ನೋಡಿದರು, "ಯವ್ವಾ, ನನ್ನ ಕೂಸ" ಅಂದರು. ದಸ್ತಗೀರಸಾಬರ ಎದೆ ಹಗುರಾಯಿತು. ಸರಿ ಬಂದಿದೆ ಎಂದುಕೊಂಡರು. ಆಕೆಯ ಅಳು ನಡುವೆಯೇ ನಿಂತಿತು.

"ಇದೇನ್ರಿ ಕೊರಳಿಗೆ?"

"ನೆರಳರಿ ಅಕ್ಕಾರ."

"ನೆರಳು ಹಿಂಗ ಹಸರ, ನೀಲಿ ಇರತೈತೇನ್ರಿ?" ಆಕೆ ತನ್ನ ಬೆರಳುಗಳನ್ನು ಆ ಜಾಗದ ಮೇಲೆ ಇಟ್ಟರು. ಬಣ್ಣ ಇನ್ನೂ ಪೂರ್ತಿ ಒಣಗಿರಲಿಲ್ಲ, ಬೆರಳಿಗೆ ಹತ್ತಿತು.

ದಸ್ತಗೀರಸಾಬರು ಝೆರಾಕ್ಸ್ ತೆಗೆದು, ಆ ಮೂರು ಚೌಕ ಹುಡುಕಿ, ನಂಬರನ್ನು ಗೋಡೆಯ ಪಟ್ಟಿಯಲ್ಲಿ ನೋಡಿದರು. ಇಪ್ಪತ್ತೇಳು, ಇಪ್ಪತ್ತೇಳು, ನಲವತ್ತೊಂದು. ನಲವತ್ತೊಂದು ಪಟ್ಟಿಯ ಕೊನೆಯದು, ಆವತ್ತಿನ ದಿನ ಹಮೀದುನ್ನೀಸಾ ಆ ಒಂದು ಚೌಕಕ್ಕೆಂದೇ ಕೂಡಿಸಿ ಬರೆದದ್ದು. ಹನ್ನೆರಡರ ಡಬ್ಬಿ ಕೈಯಳತೆಯಲ್ಲೇ ಇತ್ತು. ತಪ್ಪಾತ್ರಿ, ಸರಿ ಮಾಡ್ತೇನಿ ಎಂದು ಎರಡು ಸಲ ಕುಂಚ ಎಳೆದಿದ್ದರೆ ಮುಗಿಯುತ್ತಿತ್ತು. ಆಕೆ ನಂಬುತ್ತಿದ್ದರು. ಗುಟ್ಟು ಉಳಿಯುತ್ತಿತ್ತು, ಅಂಗಡಿಯೂ ಉಳಿಯುತ್ತಿತ್ತು.

"ನನಗ ಬಣ್ಣ ಕಾಣೂದಿಲ್ರಿ ಅಕ್ಕಾರ" ಎಂದರು. "ಕಂಡಾಕಿ ನನ್ನ ಹೆಂಡ್ತಿ. ಫೋಟೋದಾಗ ಇದ್ದದ್ದನ್ನ ಅಕಿ ಬರದಿಟ್ಟಾಳ. ಅದು ಹೊಡದ ಕಲೆ. ಒಂದಲ್ಲ, ಎರಡ ಸರ್ತಿ ಹೊಡದದ್ದು."

ಹಾಲವ್ವ ಬೆರಳಿಗೆ ಹತ್ತಿದ ಬಣ್ಣವನ್ನು ನೋಡಿಕೊಂಡರು. ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ. "ಇದು ನಿಮಗ ಯಾವಾಗ ಗೊತ್ತಾತು?"

"ಆವಾಗನರಿ. ದೊಡ್ಡ ಚಿತ್ರ ಬರಿಯೂ ಮುಂದ."

"ಮೂರ ವರ್ಷ ಆತು."

"ಹೌದ್ರಿ."

"ಸಾಬ್ರ, ಅಕಿ ಹೋದ ವರ್ಷದಾಗನ ಬೀಗರು ಬಂದ ಕೈ ಮುಗದ್ರು. ಬೀಗತನ ಬಿಟ್ಟ ಹೋಗೂದು ಬ್ಯಾಡ, ಸಣ್ಣಾಕಿನ್ನ ನಮ್ಮ ಹುಡುಗಗ ಕೊಡ್ರಿ ಅಂದ್ರು. ಅಷ್ಟ ದೊಡ್ಡ ಚಿತ್ರ ಮಾಡಿಸ್ಯಾರ, ಸೊಸಿ ಮ್ಯಾಲೆ ಎಷ್ಟ ಜೀವ ಇದ್ದೀತು ಅಂದ್ಕೊಂಡೆ." ಹಾಲವ್ವನ ಧ್ವನಿ ಏರಲಿಲ್ಲ. "ಅಕಿ ತಂಗಿ ತನುಜಾನ್ನ ಅವಗ ಕೊಟ್ಟೇನಿ. ಎರಡ ವರ್ಷದಿಂದ ಅದ ಮನ್ಯಾಗ ಅದಾಳ."

ಅಂಗಡಿಯಿಂದ ನೆಟ್ಟಗೆ ನನ್ನ ಮನೆಗೆ ಬಂದು ಇದನ್ನು ಹೇಳುವಾಗ ದಸ್ತಗೀರಸಾಬರು ನನ್ನ ಅಂಗಳದ ಕಟ್ಟೆಯ ಮೇಲೆ ಕುಳಿತು ಅತ್ತರು, ಒಬ್ಬ ದೊಡ್ಡ ಮನುಷ್ಯ ಹಾಗೆ ಅಳುವುದನ್ನು ನಾನು ನೋಡಿರಲಿಲ್ಲ. ಹಾಲವ್ವ ಹೊರಗೆ ನಿಂತಿದ್ದರು, ಚಿತ್ರವನ್ನು ಬಟ್ಟೆಯಲ್ಲಿ ಸುತ್ತಿ ಹಿಡಿದು. ಈಗಲೇ ದುಂಡಸಿ ಬಸ್ಸು ಹಿಡಿಯುತ್ತೇವೆ, ನಾಲ್ಕು ಮಾತು ಬಲ್ಲವರು ನೀವು ಜೊತೆಗೆ ಬನ್ನಿ ಮಾಸ್ತರ ಎಂದು ದಸ್ತಗೀರಸಾಬರು ಕೇಳಿದರು. ಪೆನ್ಶನ್ ಕಾಗದದ ಕೆಲಸ ಇದೆ ಎಂದೆ. ಕೆಲಸ ಏನೂ ಇರಲಿಲ್ಲ. ಮುಂದಿನದೆಲ್ಲ ಅವರು ವಾಪಸು ಬಂದು ಹೇಳಿದ್ದು.

ಕರಬಸಪ್ಪನವರ ಪಡಸಾಲೆಯಲ್ಲಿ ಏಳೆಂಟು ಜನ ಸೇರಿದ್ದರು. ದಸ್ತಗೀರಸಾಬರು ನಿಂತೇ ಎಲ್ಲ ಹೇಳಿದರು, ತಮ್ಮ ಕಣ್ಣಿನ ವಿಷಯವನ್ನೂ. ಮಗ ತಲೆ ಬಗ್ಗಿಸಿಕೊಂಡು ಮೊಬೈಲ್ ನೋಡುತ್ತಿದ್ದ. ಅಪ್ಪ ಮಾತ್ರ ಸಿಟ್ಟಾಗಲಿಲ್ಲ, ಹೆಗಲ ಮೇಲಿನ ಶಾಲು ತೆಗೆದು ಮುಂದೆ ಹಿಡಿದರು.

"ಇದು ಯಾವ ಬಣ್ಣ ಹೇಳ್ರಿ ನೋಡೂಣು."

"ಗೊತ್ತಾಗೂದಿಲ್ರಿ."

"ಹೇಳ್ರಿ, ಹೇಳ್ರಿ. ಅಂದಾಜಿನ ಮ್ಯಾಲೆ ಹೇಳ್ರಿ."

"ಕಂದು ಇರಬೇಕ್ರಿ."

ಶಾಲು ಅಚ್ಚ ಹಸಿರಾಗಿತ್ತು. ಪಡಸಾಲೆಯಲ್ಲಿದ್ದವರು ಗೊಳ್ಳೆಂದು ನಕ್ಕರು. "ಮೂವತ್ತ ವರ್ಷ ಊರಿಗೆಲ್ಲಾ ಟೊಪ್ಪಿಗಿ ಹಾಕ್ಯಾನ ನೋಡ್ರಿ ಇಂವಾ" ಎಂದು ಒಬ್ಬ ತೊಡೆ ತಟ್ಟಿಕೊಂಡ. "ಅಕ್ಕಾರ, ಹಸರ ಕಾಣದಾಂವ ನಿಮ್ಮ ಮಗಳ ಕೊರಳಾಗ ಹಸರ ಕಂಡನಂತ. ಇಂಥಾವ್ನ ಮಾತ ಕಟಗೊಂಡ ಬಂದೀರಲ್ಲ" ಎಂದರು ಕರಬಸಪ್ಪ. ಅವರ ಬೆನ್ನ ಹಿಂದೆ ಗೋಡೆಯ ಮೇಲೆ ಆರಡಿಯ ಸುಧಾರಾಣಿ, ಕಿವಿಯವರೆಗೂ ಹೂ ಹೊದ್ದು, ಕಣ್ಣು ತೆರೆದು ನೋಡುತ್ತಿದ್ದಳು.

ಹಾಲವ್ವ ತಾವು ತಂದ ಸಣ್ಣ ಚಿತ್ರಕ್ಕೆ ಸುತ್ತಿದ್ದ ಬಟ್ಟೆ ಬಿಚ್ಚಿದರು. ಚಿತ್ರವನ್ನು ಅಡುಗೆಮನೆ ಬಾಗಿಲ ಕಡೆ ತಿರುಗಿಸಿದರು. ಅಲ್ಲಿ ತನುಜಾ ನಿಂತಿದ್ದಳು. ಅವಳು ಅಕ್ಕನ ಮುಖ ನೋಡಿದಳು, ಆಮೇಲೆ ಕೊರಳು. ಮುಂದೆ ಬಂದು, ಕತ್ತಿಗೆ ಸುತ್ತಿಕೊಂಡಿದ್ದ ಸೆರಗನ್ನು ತಾಯಿಯ ಎದುರು ತೆಗೆದಳು. ನಗುತ್ತಿದ್ದವರು ಒಬ್ಬೊಬ್ಬರಾಗಿ ನೆಲ ನೋಡತೊಡಗಿದರು.

ಉಟ್ಟ ಬಟ್ಟೆಯಲ್ಲೇ ಅವಳನ್ನು ಕರೆದುಕೊಂಡು ಹೊರಟರು. ಯಾರೂ ತಡೆಯಲಿಲ್ಲ. ಠಾಣೆಗೂ ಹೋದರು, ಅರ್ಜಿಯೂ ಆಯಿತು. ತನುಜಾಳಿಗೆ ಹೊಡೆದದ್ದಕ್ಕೆ ಕೇಸು ದಾಖಲಾಯಿತು. ಸುಧಾರಾಣಿಯ ಸಾವಿಗೆ ಏನೂ ಆಗಲಿಲ್ಲ. ಮೂಲ ಫೋಟೋ ಯಾರ ಮೊಬೈಲಿನಲ್ಲೂ ಇಲ್ಲ ಎಂದು ಕರಬಸಪ್ಪನವರ ಮನೆಯವರು ಅಂದರು. ಝೆರಾಕ್ಸಿನ ಮೇಲೆ ಸತ್ತ ಹೆಂಗಸೊಬ್ಬಳು ಪೆನ್ಸಿಲಿನಲ್ಲಿ ಬರೆದ ನಂಬರು ಯಾವ ಸಾಕ್ಷಿ ಎಂದು ಪೊಲೀಸರು ಕೇಳಿದರು. ದಸ್ತಗೀರಸಾಬರ ಅಂಗಡಿಗೆ ಆಮೇಲೆ ನಂಬರ್ ಪ್ಲೇಟಿನವರೂ ಬರಲಿಲ್ಲ. ಊರಲ್ಲಿ ಕೆಲವರು ಈಗಲೂ ಅವರನ್ನು ಕಂಡರೆ ಅಂಗಿ ಹಿಡಿದು ತೋರಿಸಿ ಯಾವ ಬಣ್ಣ ಎಂದು ಕೇಳುತ್ತಾರೆ. ಅವರಲ್ಲ, ಹಾಗೆ ಕೇಳುವವರು ಕುರುಡರು ಎಂದು ನಾನು ಒಬ್ಬನ ಜೊತೆ ಜಗಳಕ್ಕೇ ನಿಂತಿದ್ದೆ. ಬೇಕಾದ ದಿನ ಬಸ್ಸು ಹತ್ತದವನು ಈಗ ಜಗಳ ಆಡಿ ಏನು ಬಂತು?

ಆದರೆ ದಸ್ತಗೀರಸಾಬರು ಬಸವಳಿದದ್ದು ಅಂಗಡಿ ಹೋದದ್ದಕ್ಕಲ್ಲ. ಆವತ್ತು ದುಂಡಸಿಯಲ್ಲಿ ಬಸ್ಸಿಗೆ ಕಾಯುವಾಗ, ತನುಜಾ ಅವ್ವನ ಹೆಗಲಿಗೆ ಒರಗಿ ಕಣ್ಣು ಮುಚ್ಚಿದ್ದಳು. ಇವರು ಸ್ವಲ್ಪ ದೂರದಲ್ಲಿ ನಿಂತಿದ್ದರು. ಎಲ್ಲ ಹೇಳಿದೆನಲ್ಲ, ಹುಡುಗಿ ಹೊರಗೆ ಬಂದಳಲ್ಲ, ಒಂದು ಒಳ್ಳೆಯ ಮಾತು ಆಡಿಯಾರು ಎಂದು ಅವರ ಮನಸ್ಸು ಆಸೆಪಟ್ಟಿತ್ತು. ಹಾಲವ್ವ ಕೈಸನ್ನೆ ಮಾಡಿ ಹತ್ತಿರ ಕರೆದರು.

"ಸಾಬ್ರ, ನಿಮಗ ಪುಣ್ಯ ಬರಲಿ ಅಂತ ನಾ ಅನ್ನೂದಿಲ್ಲ. ದೊಡ್ಡಾಕಿನ್ನ ಕೊಂದಾವ್ರು ಅವರು. ಇಕಿ ಎರಡ ವರ್ಷ ಬಡಿಸ್ಕೊಂಡಾಳಲ್ಲ, ಅದು ನಿಮ್ಮ ಮ್ಯಾಲಿರ್ಲಿ."

"ಹೌದ್ರಿ" ಎಂದರಂತೆ ದಸ್ತಗೀರಸಾಬರು.